ಭಾವ ಅವಸರಪಟ್ಟು ಅಂಟಿಸಿದ ಚೀಟಿ

ನಮ್ಮ ಭಾವನಿಗೆ ಕೋರ್ಟಿನ ಆವರಣದಲ್ಲಿ ಗೋಂದಪ್ಪ ಎಂದು ಹೆಸರು. ಯಾರೂ ಎದುರಿಗೆ ಹಾಗೆ ಕರೆಯುವುದಿಲ್ಲ. ಆದರೆ ಬೆನ್ನ ಹಿಂದೆ ಆಡಿದ್ದು ಕಿವಿಗೆ ಬೀಳದೆ ಇರುತ್ತದೆಯೇ? ಮೂವತ್ತೊಂದು ವರ್ಷದಿಂದ ಬೀಳುತ್ತಲೇ ಇದೆ, ಅವರು ಕೇಳದವರ ಹಾಗೆ ಕನ್ನಡಕ ಒರೆಸಿಕೊಳ್ಳುತ್ತಾರೆ. ವಕೀಲರ ಸಂಘದ ಗ್ರಂಥಾಲಯ ಅವರ ಸುಪರ್ದಿನಲ್ಲಿದೆ. ಗ್ರಂಥಾಲಯ ಎಂದರೆ ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ಎಂದು ನಾನೂ ಅಂದುಕೊಂಡಿದ್ದೆ. ಅಷ್ಟೇ ಅಲ್ಲವಂತೆ. ಸಂಸತ್ತು ಯಾವುದೋ ಒಂದು ಕಲಮಿನಲ್ಲಿ ನಾಲ್ಕು ಮಾತು ಬದಲಾಯಿಸುತ್ತದೆ. ಅಷ್ಟಕ್ಕೆ ಇಡೀ ಕಾನೂನು ಪುಸ್ತಕವನ್ನು ಹೊಸದಾಗಿ ಯಾರು ಅಚ್ಚು ಹಾಕುತ್ತಾರೆ? ಬದಲಾದ ಕಲಮನ್ನು ಮಾತ್ರ ಸರ್ಕಾರಿ ಮುದ್ರಣಾಲಯ ತೆಳ್ಳನೆಯ ಚೀಟಿಯಲ್ಲಿ ಅಚ್ಚು ಹಾಕಿ ಕಳಿಸುತ್ತದೆ. ಹಳೆಯ ಕಲಮಿನ ಮೇಲೆ ಆ ಚೀಟಿಯನ್ನು ನೆಟ್ಟಗೆ, ಗುಳ್ಳೆ ಏಳದಂತೆ, ಪಕ್ಕದ ಸಾಲು ಮುಚ್ಚದಂತೆ ಅಂಟಿಸುವುದು ಭಾವನ ಕೆಲಸ. ಅಂಟಿಸಿ ಅಂಟಿಸಿ ಕೆಲವು ಪುಸ್ತಕಗಳು ಹೊಟ್ಟೆ ಬಂದವರ ಹಾಗೆ ಊದಿಕೊಂಡಿವೆ.

ಹೆಸರಿಗೆ ಗೋಂದು, ಆದರೆ ಗೋಂದನ್ನು ಅವರು ಮುಟ್ಟುವುದಿಲ್ಲ. ಗೋಂದು ವರ್ಷ ಕಳೆದರೆ ಹಳದಿಯಾಗಿ ಕಾಗದವನ್ನು ಕಚ್ಚುತ್ತದೆಯಂತೆ. ಪ್ರತಿ ಸೋಮವಾರ ಬೆಳಗ್ಗೆ ನಮ್ಮ ಅಕ್ಕ ಮೈದಾ ಹಿಟ್ಟು ಕದಡಿ, ಹುಳ ಬೀಳದಿರಲೆಂದು ಒಂದು ಚಿಟಿಕೆ ಮೈಲುತುತ್ತ ಹಾಕಿ, ಅಂಟು ಕುದಿಸಿ ಡಬ್ಬಿಗೆ ತುಂಬಿ ಕೊಡುತ್ತಾಳೆ. ಅದಕ್ಕೆಂದೇ ಒಂದು ಪಾತ್ರೆ, ಅದರ ಹಿಡಿಗೆ ಕೆಂಪು ದಾರ. ಅಕ್ಕನ ಮದುವೆಯಾದ ಹೊಸತರಲ್ಲಿ ನಾನು ಅದನ್ನು ಗಂಜಿ ಎಂದುಕೊಂಡು ತಟ್ಟೆಗೆ ಬಡಿಸಿಕೊಂಡಿದ್ದೆ. ಅಕ್ಕ ಕಿರುಚಿದ ರಭಸಕ್ಕೆ ತಟ್ಟೆ ಕೈಜಾರಿ ಬಿತ್ತು, ನಾನು ಉಳಿದೆ. ದಾರ ಕಟ್ಟಿದ್ದು ಆಮೇಲೆ. ಆ ದಾರ ನನ್ನದೇ ಪೆಟ್ಟಿಗೆಯದು, ಯಾಕೆಂದರೆ ನಾನು ಹೊಲಿಗೆಯವಳು. ಅಕ್ಕ ಭಾವ ಮಹಡಿಯಲ್ಲಿರುತ್ತಾರೆ, ಕೆಳಗೆ ಬೀದಿಗೆ ಮುಖಮಾಡಿ ನನ್ನ ಅಂಗಡಿ, ಹಿಂದೆ ನನ್ನ ಒಂದು ಕೋಣೆ. ಮದುವೆ ಬೇಡ ಎಂದವಳಿಗೆ ಅಕ್ಕನ ಮನೆಯ ಮೆಟ್ಟಿಲೇ ತವರು.

ಚೀಟಿ ಬಂದಾಗ ಅಂಟಿಸಿದರಾಯಿತು ಎಂದರೆ ಅದೂ ಸುಲಭವಲ್ಲ. ಯಾವ ಮಸೂದೆ ಎಲ್ಲಿದೆ ಎಂದು ಮೊದಲಿನಿಂದ ಹಿಂಬಾಲಿಸಬೇಕು. ಭಾವನ ಮೇಜಿನ ಮೇಲೆ ಉದ್ದನೆಯ ಮರದ ಪೆಟ್ಟಿಗೆ. ಒಳಗೆ ಒಂದೊಂದು ಮಸೂದೆಗೆ ಒಂದೊಂದು ಕಾರ್ಡು. ಮಂಡನೆಯಾದ ದಿನ, ಸಮಿತಿಗೆ ಹೋದ ದಿನ, ಸಮಿತಿಯಿಂದ ಬಂದ ದಿನ, ಕೆಳಮನೆ, ಮೇಲ್ಮನೆ, ಎಲ್ಲವೂ ಅದರಲ್ಲಿ. ಪ್ರತಿದಿನ ಹನ್ನೊಂದು ಗಂಟೆಗೆ ಅವರು ಸಂಸತ್ತಿನ ಕಾಗದಪತ್ರಗಳ ಶಾಖೆಗೆ ಫೋನ್ ಮಾಡುತ್ತಾರೆ. ಅಲ್ಲಿ ಫೋನ್ ಎತ್ತುವ ಗುಮಾಸ್ತರು ಇಪ್ಪತ್ತು ವರ್ಷದಿಂದ ಒಬ್ಬರೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೆ ಅವರ ಮಂಡಿನೋವು ಇವರಿಗೆ ಗೊತ್ತು, ಇವರ ಸಕ್ಕರೆಯ ಮಟ್ಟ ಅವರಿಗೆ ಗೊತ್ತು. ಮೊದಲು ನೋವು, ಆಮೇಲೆ ಕಾನೂನು. "ಏಳನೇದು ಇನ್ನೂ ಸಮಿತೀಲೇ ಮಲಗಿದೆ", "ಹದಿಮೂರನೇದು ಇವತ್ತು ಓದಿದ್ರು, ಊಟದ ಹೊತ್ತು ಅಂತ ಅರ್ಧಕ್ಕೆ ಬಿಟ್ರು" ಎಂದು ಆ ಕಡೆಯಿಂದ ಹೇಳುತ್ತಾರೆ, ಈ ಕಡೆ ಭಾವ ಸಣ್ಣ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ.

ಹೊಸ ವಕೀಲರಿಗೆಲ್ಲ ಅವರು ಒಂದು ಪಾಠ ಹೇಳುತ್ತಾರೆ. ಕಾನೂನಿಗೆ ಮೂರು ಬಾಗಿಲು. ಎರಡೂ ಮನೆ ಒಪ್ಪುವುದು ಮೊದಲನೆಯದು, ರಾಷ್ಟ್ರದ ಮುಖ್ಯಸ್ಥರು ಅಂಕಿತ ಹಾಕುವುದು ಎರಡನೆಯದು. ಅಷ್ಟಕ್ಕೇ ಎಲ್ಲರೂ ಕುಣಿಯುತ್ತಾರೆ. ಆದರೆ ಮೂರನೆಯ ಬಾಗಿಲು ಬೇರೆಯೇ ಇದೆ. "ಸರ್ಕಾರ ಗೊತ್ತುಪಡಿಸುವ ದಿನದಿಂದ ಇದು ಜಾರಿಗೆ ಬರುವುದು" ಎಂದು ಕಾನೂನಿನ ಮೊದಲ ಪುಟದಲ್ಲೇ ಒಂದು ಸಾಲು ಮೆತ್ತಗೆ ಕೂತಿರುತ್ತದೆ. ಆ ದಿನ ಯಾವುದೆಂದು ಗೆಜೆಟ್ಟಿನಲ್ಲಿ ಅಧಿಸೂಚನೆ ಬರುವ ತನಕ ಕಾನೂನು ಇದ್ದೂ ಇಲ್ಲ. ನಮ್ಮ ಹೊಲಿಗೆಯ ಲೆಕ್ಕದಲ್ಲಿ ಹೇಳುವುದಾದರೆ ಕಚ್ಚಾ ಹೊಲಿಗೆ ಹಾಕಿದ ಅಂಗಿ: ನೋಡಲು ಅಂಗಿಯೇ, ತೊಟ್ಟರೆ ಕಳಚಿಕೊಳ್ಳುತ್ತದೆ. ಕೆಲವು ಕಾನೂನುಗಳು ಹೀಗೆ ವರ್ಷಗಟ್ಟಲೆ ಕೂತಿರುತ್ತವಂತೆ. ಅಂಥವುಗಳ ಚೀಟಿಗಳನ್ನು ಭಾವ ಒಂದು ಕಂದು ಲಕೋಟೆಯಲ್ಲಿ ಇಟ್ಟಿರುತ್ತಾರೆ, ಅಧಿಸೂಚನೆ ಬಾರದೆ ಹೊರಗೆ ತೆಗೆಯುವುದಿಲ್ಲ. ಮೂವತ್ತು ವರ್ಷ ಒಂದೇ ಒಂದು ಚೀಟಿಯೂ ದಿನಕ್ಕೆ ಮುಂಚೆ ಅಂಟಿರಲಿಲ್ಲ.

ಅಕ್ಕ ಭಾವನಿಗೆ ಮಕ್ಕಳಿಲ್ಲ. ಆ ದುಃಖವನ್ನು ಅವರು ಇಬ್ಬರೂ ತೀರಾ ಮಡಿಸಿ ಎಲ್ಲೋ ಒಳಗೆ ಇಟ್ಟಿದ್ದರು, ನಾವು ಯಾರೂ ತೆಗೆಯುತ್ತಿರಲಿಲ್ಲ. ಭಾವನಿಗೆ ಐವತ್ತಮೂರು ತುಂಬಿದ ವರ್ಷ ಇಬ್ಬರೂ ನನ್ನ ಅಂಗಡಿಗೆ ಇಳಿದು ಬಂದು, ಮಕ್ಕಳ ಇಲಾಖೆಯಿಂದ ಒಂದು ಹುಡುಗಿಯನ್ನು ಸಾಕಲು ಕರೆತರುತ್ತೇವೆ ಎಂದರು. ಹುಡುಗಿಗೆ ಹದಿಮೂರು. ತಾಯಿ ತೀರಿಕೊಂಡು ಬೇರೆ ದಿಕ್ಕಿಲ್ಲದವಳು. ನಾನು ಕಡ್ಡಿ ಮುರಿದ ಹಾಗೆ ಬೇಡ ಎಂದೆ. ಹದಿಮೂರರ ಹುಡುಗಿ ಎಂದರೆ ಅರ್ಧ ಬೆಳೆದ ಮರ, ಅದರ ಬೇರು ಎಲ್ಲಿದೆಯೋ ಏನೋ, ಮುದುಕರಾಗುವ ಹೊತ್ತಿಗೆ ಇದೆಲ್ಲ ಯಾಕೆ ಎಂದು ಒದರಿದೆ. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಭಾವನ ಬಗ್ಗೆ ಬರೆಯುವಾಗ ನನಗೆ ಅನುಕೂಲವಾದದ್ದನ್ನು ಮಾತ್ರ ಬರೆದರೆ ಅವರಿಗೇ ಹಿಡಿಸುವುದಿಲ್ಲ.

ಹುಡುಗಿ ಬಂದಳು. ಬಂದ ದಿನ ಅಕ್ಕ ಪರಿಚಯ ಮಾಡಿಸುತ್ತ, "ಇವಳು ನಿನ್ನ ಚಿಕ್ಕಮ್ಮ" ಎಂದುಬಿಟ್ಟಳು. ತಮ್ಮನ್ನು ಏನೆಂದು ಕರೆಯಬೇಕೆಂದು ಹೇಳಲು ಮಾತ್ರ ಅವಳಿಗೆ ಧೈರ್ಯ ಬರಲಿಲ್ಲ. ಹೀಗಾಗಿ ಅವರಿಬ್ಬರೂ ಆಂಟಿ, ಅಂಕಲ್ ಆಗಿ ಉಳಿದರು, ನಾನು ಚಿಕ್ಕಮ್ಮ ಆದೆ. ಅಮ್ಮನಿಲ್ಲ, ಅಪ್ಪನಿಲ್ಲ, ಚಿಕ್ಕಮ್ಮ ಒಬ್ಬಳು ಇದ್ದಾಳೆ ಎನ್ನುವ ಇಂಥ ನೆಂಟಸ್ತಿಕೆ ಲೋಕದಲ್ಲಿ ಇನ್ನೆಲ್ಲಾದರೂ ಇದ್ದೀತೇ? ಬೇಡ ಎಂದವಳಿಗೇ ಮೊದಲ ಬಿರುದು. ಆರು ತಿಂಗಳಲ್ಲಿ ಅವಳು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಪಾಠ ಓದದಿದ್ದರೆ ನನಗೆ ಗುಂಡಿ ಹೊಲಿಯಲು ಕೈ ಬರುತ್ತಿರಲಿಲ್ಲ.

ದತ್ತು ತೆಗೆದುಕೊಳ್ಳಬೇಕೆಂದು ಭಾವನಿಗೆ ಮೊದಲ ವರ್ಷವೇ ಅನಿಸಿತ್ತು. ಆದರೆ ಕಾನೂನು ಹೇಗಿತ್ತೆಂದರೆ, ಎರಡು ವರ್ಷ ಸಾಕಿದ ಮೇಲೆ ಮಾತ್ರ ದತ್ತಿಗೆ ಅರ್ಜಿ. ಮಗುವಿಗೆ ಹದಿನೈದು ದಾಟಿದರೆ ಅರ್ಜಿಯೇ ಇಲ್ಲ. ನಮ್ಮ ಹುಡುಗಿ ಬಂದು ಎರಡು ವರ್ಷ ತುಂಬಿದಾಗ ಅವಳಿಗೆ ಹದಿನೈದು ವರ್ಷ ಎರಡು ತಿಂಗಳು. ಎರಡು ತಿಂಗಳಿಗೆ ಬಾಗಿಲು ಮುಚ್ಚಿತು. ಭಾವ ಆ ಕಲಮನ್ನು ದಿನಾ ತೆಗೆದು ಓದುತ್ತಿದ್ದರಂತೆ, ಓದಿದರೆ ಬದಲಾಗುತ್ತದೋ ಎಂಬ ಹಾಗೆ.

ಇನ್ನೆರಡು ತಿಂಗಳಿಗೆ ನಿಜವಾಗಿಯೂ ಬದಲಾಗುವ ಲಕ್ಷಣ ಕಂಡಿತು. ದತ್ತಿನ ವಯಸ್ಸನ್ನು ಹದಿನೆಂಟಕ್ಕೆ ಏರಿಸುವ ಮಸೂದೆ ಕೆಳಮನೆಯಲ್ಲಿ ಮಂಡನೆಯಾಯಿತು. ಅದರ ಸಂಖ್ಯೆ ನಲವತ್ತೇಳು. ಅಂದಿನಿಂದ ನಮ್ಮ ಮನೆಯಲ್ಲಿ ನಲವತ್ತೇಳು ಎಂದರೆ ಆಸ್ಪತ್ರೆಗೆ ಸೇರಿಸಿದ ಹತ್ತಿರದ ನೆಂಟರ ಹಾಗೆ. "ನಲವತ್ತೇಳು ಹೇಗಿದೆ?" ಎಂದು ಅಕ್ಕ ಊಟ ಬಡಿಸುತ್ತ ಕೇಳುವಳು. "ಇವತ್ತೂ ಎದ್ದಿಲ್ಲ" ಎಂದು ಭಾವ. ಹುಡುಗಿ ತಲೆ ಎತ್ತದೆ ಉಣ್ಣುವಳು. ತನಗೂ ಅದಕ್ಕೂ ಸಂಬಂಧವೇ ಇಲ್ಲ ಎಂಬಂತೆ.

ಸಮಿತಿ ಅದನ್ನು ಎಂಟು ತಿಂಗಳು ಹೊದ್ದು ಮಲಗಿತು. ಆಮೇಲೆ ಕೆಳಮನೆಯಲ್ಲಿ ಒಂದು ಮಧ್ಯಾಹ್ನ ಹತ್ತು ನಿಮಿಷದಲ್ಲಿ ಪಾಸಾಯಿತು. ಹತ್ತು ನಿಮಿಷದ ಕೆಲಸಕ್ಕೆ ಎಂಟು ತಿಂಗಳು ಯಾಕೆ ಬೇಕಾಯಿತು ಎಂದು ನಾನು ಕೇಳಿದ್ದಕ್ಕೆ ಭಾವ, ನೀನು ಬ್ಲೌಸಿಗೆ ಒಂದು ಗಂಟೆ ಎಂದು ಹೇಳಿ ಒಂದು ವಾರ ಮಾಡುವುದಿಲ್ಲವೇ ಎಂದರು. ಮೇಲ್ಮನೆಯವರು ಅರ್ಜಿಗೆ ಮಗುವಿನ ಒಪ್ಪಿಗೆಯ ಪತ್ರವೂ ಬೇಕು ಎಂದು ಒಂದು ತಿದ್ದುಪಡಿ ಹಾಕಿ ವಾಪಸು ಕಳಿಸಿದರು. ಕೆಳಮನೆಯವರಿಗೆ ಅದು ಮೊದಲು ಹಿಡಿಸಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಎರಡು ಅಧಿವೇಶನ ಹೋದವು. ಹುಡುಗಿಗೆ ಹದಿನಾರು ಕಳೆದು ಹದಿನೇಳಾಯಿತು. ಹದಿನೆಂಟು ತುಂಬುವ ಮುಂಚೆ ಅರ್ಜಿ ಹೋಗದಿದ್ದರೆ ಮುಗಿಯಿತು. ಆಮೇಲೆ ಮಕ್ಕಳ ಇಲಾಖೆ ಕೊಟ್ಟ ಸಾಕುವ ಆದೇಶವೂ ಮುಗಿಯುತ್ತದೆ, ಕಾಗದದ ಮೇಲೆ ಅವಳು ಈ ಮನೆಯ ಬಾಡಿಗೆದಾರಳಿಗಿಂತ ಹೆಚ್ಚೇನಲ್ಲ.

ಆ ಮಧ್ಯೆ ಒಂದು ಕಹಿ ಪ್ರಸಂಗ ನಡೆಯಿತು. ಹುಡುಗಿಯನ್ನು ಮುಂದಿನ ಓದಿಗೆ ಸೇರಿಸಲು ಭಾವ ಹೋಗಿದ್ದರು. ಅರ್ಜಿಯಲ್ಲಿ ತಂದೆಯ ಹೆಸರಿಗೆ ಒಂದು ಸಾಲು. ಭಾವ ಅದರ ಮೇಲೆ ಪೆನ್ನು ಹಿಡಿದು ತುಂಬ ಹೊತ್ತು ನಿಂತರಂತೆ. ಕಿಟಕಿಯ ಗುಮಾಸ್ತೆ ಒಳ್ಳೆಯ ಹೆಂಗಸು, "ನಿಮ್ಮ ಹೆಸರೇ ಬರೀರಿ ಸಾರ್, ಯಾರು ಕೇಳ್ತಾರೆ?" ಎಂದಳು.

"ಇನ್ನೂ ಆಗಿಲ್ಲಮ್ಮ" ಎಂದರು ಭಾವ. ಆ ಸಾಲನ್ನು ಖಾಲಿ ಬಿಟ್ಟು, ಕೆಳಗೆ ಪೋಷಕರು ಎಂಬಲ್ಲಿ ಸಾಕುವ ಆದೇಶದ ಸಂಖ್ಯೆ, ದಿನಾಂಕ, ಇಲಾಖೆಯ ಹೆಸರು ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದರು. ಹುಡುಗಿ ಪಕ್ಕದಲ್ಲೇ ನಿಂತು ನೋಡಿದಳು.

ಸಂಜೆ ನನ್ನ ಅಂಗಡಿಗೆ ಬಂದು ಕಟ್ಟೆಯ ಮೇಲೆ ಕೂತಳು. "ಬರೆದಿದ್ರೆ ಏನಾಗ್ತಿತ್ತು ಚಿಕ್ಕಮ್ಮ?" ಎಂದಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೆಟ್ಟಿಲು ಹತ್ತಿ ಹೋಗಿ ಭಾವನನ್ನು ಚೆನ್ನಾಗಿ ಝಾಡಿಸಿದೆ. ನಿಮ್ಮ ಸತ್ಯವನ್ನು ಭರಣಿಯಲ್ಲಿ ಹಾಕಿ ಬಾಯಿ ಕಟ್ಟಿ ಇಟ್ಟುಕೊಳ್ಳಿ, ಆ ಮಗುವಿನ ಮುಖ ನೋಡಿದಿರಾ ಎಂದೆ. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಆಗದ್ದನ್ನು ಆಯಿತು ಎಂದು ಬರೆಯುವುದು ಅವರ ಕೈಗೆ ಬಾರದ ಕೆಲಸ, ಅದು ನನಗೂ ಗೊತ್ತಿತ್ತು. ಆದರೆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಅವಳ ಲೆಕ್ಕದಲ್ಲಿ ಅಂಕಲ್‌ಗೆ ತನ್ನ ಹೆಸರು ಕೊಡಲು ಮನಸ್ಸಿಲ್ಲ. ಅಂದಿನಿಂದ ಅವಳು ಅವರ ಹತ್ತಿರ ಬೇಕಾದ್ದಷ್ಟೇ ಮಾತಾಡತೊಡಗಿದಳು. ಭಾವ ಅವಳ ಪುಸ್ತಕಗಳಿಗೆ ರಟ್ಟು ಹಾಕಿ ಕೊಡುವರು, ಅವಳು ಥ್ಯಾಂಕ್ಸ್ ಎನ್ನುವಳು. ಆ ಥ್ಯಾಂಕ್ಸ್ ಕೇಳಿದಾಗೆಲ್ಲ ಅಕ್ಕನ ಮುಖ ಸಣ್ಣದಾಗುತ್ತಿತ್ತು.

ಹುಡುಗಿಗೆ ಹದಿನೇಳು ವರ್ಷ ಎಂಟು ತಿಂಗಳಾದಾಗ ಕೆಳಮನೆ ಆ ತಿದ್ದುಪಡಿಗೆ ಒಪ್ಪಿತು. ಹನ್ನೆರಡು ದಿನಕ್ಕೆ ಅಂಕಿತ ಬಿತ್ತು. ಸಂಸತ್ತಿನ ಗುಮಾಸ್ತರು ಅಂದು ಹನ್ನೊಂದು ಗಂಟೆಯವರೆಗೂ ಕಾಯದೆ ತಾವೇ ಫೋನ್ ಮಾಡಿದರಂತೆ, ಮಂಡಿನೋವಿನ ಸುದ್ದಿಯನ್ನೂ ಎತ್ತಲಿಲ್ಲವಂತೆ. ಭಾವ ಮಧ್ಯಾಹ್ನವೇ ಮನೆಗೆ ಬಂದು ಅಕ್ಕನಿಗೆ ಹೇಳಿದರು. ಅಕ್ಕ ಕೆಳಗಿಳಿದು ಬಂದು ನನ್ನ ಮಿಷಿನ್ನಿನ ಮುಂದೆ ನಿಂತು ಅತ್ತಳು. ನಾನೂ ಅತ್ತೆ, ಗಿರಾಕಿಯೊಬ್ಬರ ಲಂಗದ ಮೇಲೆ ಎರಡು ಹನಿ ಬಿತ್ತು. ಇನ್ನು ಉಳಿದದ್ದು ಮೂರನೆಯ ಬಾಗಿಲು ಒಂದೇ, ಅದಕ್ಕೆ ಮೂರೂವರೆ ತಿಂಗಳ ಕಾಲವಿದೆ ಎಂದು ಭಾವ ಸಮಾಧಾನವಾಗಿಯೇ ಹೇಳಿದರು. ಅವರು ಅಂದು ಮನೆಗೆ ಬರುವ ಮುಂಚೆ ಏನು ಮಾಡಿ ಬಂದಿದ್ದರೆಂದು ನಮಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಎರಡು ವಾರದ ಮೇಲೆ. ಎರಡೂ ಮನೆ ಒಪ್ಪಿದ ಕೂಡಲೇ ಮುದ್ರಣಾಲಯ ಚೀಟಿ ಅಚ್ಚು ಹಾಕಿ ಕಳಿಸಿತ್ತು. ಅಂಕಿತದ ಸುದ್ದಿ ಬಂದ ಗಳಿಗೆಯಲ್ಲಿ ಭಾವ ಆ ಚೀಟಿಯನ್ನು ಕಂದು ಲಕೋಟೆಗೆ ಹಾಕಲಿಲ್ಲ. ಪುಸ್ತಕ ತೆರೆದು, ಹದಿನೈದು ಎಂದಿದ್ದ ಹಳೆಯ ಕಲಮಿನ ಮೇಲೆ ಹದಿನೆಂಟು ಎಂದಿದ್ದ ಹೊಸ ಕಲಮನ್ನು ಅಂಟಿಸಿ, ಬಟ್ಟೆಯಿಂದ ಒತ್ತಿ, ಪುಸ್ತಕವನ್ನು ಅದರ ಜಾಗದಲ್ಲಿ ಇಟ್ಟು ಮನೆಗೆ ಬಂದಿದ್ದರು. ಊರಿಗೆಲ್ಲ ಬುದ್ಧಿ ಹೇಳಿದವರು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದರು.

ಕುಟುಂಬದ ಕೇಸುಗಳನ್ನು ನಡೆಸುವ ವಕೀಲೆಯೊಬ್ಬರಿದ್ದಾರೆ. ಮಾತು ಹರಿತ, ನಡಿಗೆ ಬಿರುಸು, ಕಿರಿಯರೆಲ್ಲ ಅವರನ್ನು ಕತ್ತರಿ ಮೇಡಂ ಎನ್ನುತ್ತಾರೆ. ಹದಿನಾರರ ಹುಡುಗನೊಬ್ಬನ ದತ್ತಿನ ಕೇಸು ಅವರ ಕೈಯಲ್ಲಿತ್ತು. ಗ್ರಂಥಾಲಯದ ಪುಸ್ತಕ ನೋಡಿದರು, ಗೋಂದಪ್ಪ ಅಂಟಿಸಿದ್ದಾರೆ ಎಂದ ಮೇಲೆ ಜಾರಿಯಾಗಿದೆಯೇ ಎಂದು ಬೇರೆ ಪರೀಕ್ಷೆ ಯಾಕೆ? ಆ ಪುಸ್ತಕವನ್ನೇ ಎತ್ತಿಕೊಂಡು ಹೋಗಿ ನ್ಯಾಯಾಧೀಶರ ಮುಂದೆ ಓದಿದರು. ಇದು ಯಾವ ದಿನದಿಂದ ಜಾರಿಯಲ್ಲಿದೆ ಎಂದು ನ್ಯಾಯಾಧೀಶರು ಕೇಳಿದರು. ಅಧಿಸೂಚನೆ ತೋರಿಸಿ ಎಂದರು. ತುಂಬಿದ ಕೋರ್ಟಿನಲ್ಲಿ ಕತ್ತರಿ ಮೇಡಂ ತಲೆ ತಗ್ಗಿಸಿ ನಿಂತರು. ಕಾನೂನು ಓದಿಕೊಂಡು ಬನ್ನಿ ಎಂದು ನ್ಯಾಯಾಧೀಶರು ಅರ್ಜಿಯನ್ನು ಹಿಂದಿರುಗಿಸಿದರು. ಆ ಹುಡುಗನಿಗೆ ಇನ್ನೂ ಕಾಲವಿತ್ತು, ಮತ್ತೆ ಹಾಕಬಹುದಿತ್ತು, ಹಾನಿಯೇನೂ ಆಗಲಿಲ್ಲ. ಆದರೆ ಮೇಡಂ ಗ್ರಂಥಾಲಯಕ್ಕೆ ಬಂದು ಪುಸ್ತಕವನ್ನು ಮೇಜಿನ ಮೇಲೆ ಇಟ್ಟ ಸದ್ದು ಆಚೆಯ ಕ್ಯಾಂಟೀನಿನವರೆಗೂ ಕೇಳಿಸಿತಂತೆ.

ಸಂಘದ ಹಿರಿಯರು ಮೂವರು ಭಾವನನ್ನು ಕರೆಸಿ ಕೂರಿಸಿದರು. ಮೂವತ್ತೊಂದು ವರ್ಷದ ಸೇವೆ, ವಯಸ್ಸಾಯಿತು, ಕಣ್ತಪ್ಪಿನಿಂದ ಆಗಿರಬೇಕು ಎಂದು ಅಧ್ಯಕ್ಷರೇ ದಾರಿ ಮಾಡಿಕೊಟ್ಟರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಕಣ್ತಪ್ಪಲ್ಲ ಸಾರ್. ಜಾರಿ ಆಗಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಅಂಟಿಸಿದೆ" ಎಂದರು ಭಾವ.

ಯಾಕೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಅವರಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ಎಲ್ಲ ಪುಸ್ತಕಗಳನ್ನೂ ಮೊದಲಿನಿಂದ ಪರಿಶೀಲಿಸಬೇಕು, ತಪ್ಪು ಒಪ್ಪಿಕೊಂಡು ಬಾಗಿಲ ಮೇಲೆ ಸೂಚನೆ ಹಾಕಬೇಕು ಎಂದರು. ಒದ್ದೆ ಬಟ್ಟೆ ಇಟ್ಟು, ಬ್ಲೇಡಿನ ಅಂಚಿನಿಂದ ಭಾವ ಆ ಚೀಟಿಯನ್ನು ಎಬ್ಬಿಸಿದರು. ತಾವೇ ಅಷ್ಟು ಚೆನ್ನಾಗಿ ಅಂಟಿಸಿದ್ದು, ಬಿಡಿಸಲು ಒಂದು ಗಂಟೆ ಹಿಡಿಯಿತು. ಮನೆಯಲ್ಲಿ ಇದನ್ನು ಅಕ್ಕನಿಗೂ ನನಗೂ ಹೇಳಿದರು, ಹುಡುಗಿಗೆ ಹೇಳಬೇಡಿ ಎಂದರು. ನಾನು ಮೊದಲ ಸಲ ಅವರನ್ನು ಬೈಯಲಿಲ್ಲ. ನನಗೆ ಅವರ ಮೇಲೆ ಅಂದು ಉಕ್ಕಿದ ಪ್ರೀತಿಯನ್ನು ಏನೆಂದು ಹೇಳಲಿ. ಒಂದು ಖಾಲಿ ಸಾಲಿನಲ್ಲಿ ಸುಳ್ಳು ಬರೆಯಲಾರದ ಮನುಷ್ಯ, ಆಸೆ ತಡೆಯಲಾರದೆ ಇಡೀ ಕೋರ್ಟಿಗೇ ಸುಳ್ಳು ಅಂಟಿಸಿ ಕೂತಿದ್ದರು.

ಬಚ್ಚಿಟ್ಟದ್ದು ಎಷ್ಟು ದಿನ? ಭಾವ ಕನ್ನಡಕ ಮರೆತು ಹೋದ ಒಂದು ಬೆಳಗ್ಗೆ ಹುಡುಗಿ ಅದನ್ನು ಕೊಡಲು ಹೋದಳು. ಗ್ರಂಥಾಲಯದ ಬಾಗಿಲ ಮೇಲೆ ಸೂಚನೆ ಇತ್ತು. "ದತ್ತು ಕಾನೂನಿನ ವಯಸ್ಸಿನ ಕಲಮಿಗೆ ಸಂಬಂಧಿಸಿದ ತಿದ್ದುಪಡಿಯನ್ನು ಅದು ಜಾರಿಗೆ ಬರುವ ಮುಂಚೆಯೇ ನಾನು ಅಂಟಿಸಿದ್ದೆ. ತಪ್ಪು ನನ್ನದು. ಕ್ಷಮೆ ಕೋರುತ್ತೇನೆ." ಕೆಳಗೆ ಭಾವನ ಸಹಿ. ಕನ್ನಡಕವನ್ನು ಅಲ್ಲಿನ ಜವಾನನ ಕೈಗೆ ಕೊಟ್ಟು ಅವಳು ನೇರವಾಗಿ ನನ್ನ ಅಂಗಡಿಗೆ ಬಂದಳು. ಎಷ್ಟು ಬೇಗ ನಡೆದಿದ್ದಳೆಂದರೆ ಮಾತಿಗೆ ಉಸಿರು ಸಾಲುತ್ತಿರಲಿಲ್ಲ.

"ಅಂಕಲ್ ಹಾಗೆ ಮಾಡಿದ್ದು ನನಗೋಸ್ಕರನಾ?"

"ಇನ್ಯಾರಿಗೋಸ್ಕರ, ನಂಗೋಸ್ಕರನಾ?" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಭಾವ ಬೇಡ ಎಂದಿದ್ದರು ನಿಜ, ಆದರೆ ನಾನು ಭಾವನ ಹಾಗೆ ನಿಯಮದ ಮನುಷ್ಯಳಲ್ಲ. ಅವಳು ಮೊದಲು ನಕ್ಕಳು. ಮೂವತ್ತೊಂದು ವರ್ಷದಲ್ಲಿ ಒಂದೇ ತಪ್ಪಾ ಎಂದು ಮತ್ತೆ ಮತ್ತೆ ಕೇಳಿ ನಕ್ಕಳು. ನಗುತ್ತಲೇ ಕಟ್ಟೆಯ ಮೇಲಿದ್ದ ಬಟ್ಟೆಯ ರಾಶಿಯಲ್ಲಿ ಮುಖ ಇಟ್ಟು ಅತ್ತಳು. ನಾನು ಮಿಷಿನ್ ನಿಲ್ಲಿಸಿ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ.

ಅಧಿಸೂಚನೆ ಮಾತ್ರ ಬರಲಿಲ್ಲ. ಗೆಜೆಟ್ ಬರುವುದು ಪ್ರತಿ ಗುರುವಾರ. ಭಾವ ಅಡಿಪಟ್ಟಿ ಇಟ್ಟು ಒಂದೊಂದೇ ಸಾಲು ಕೆಳಗಿಳಿಯುತ್ತ ಓದುವರು. ಅರ್ಜಿ ತುಂಬಿ ಸಿದ್ಧವಾಗಿತ್ತು, ಹುಡುಗಿಯ ಒಪ್ಪಿಗೆಯ ಪತ್ರಕ್ಕೂ ಸಹಿ ಆಗಿತ್ತು, ದಿನಾಂಕದ ಜಾಗವೊಂದೇ ಖಾಲಿ. ಸಂಸತ್ತಿನ ಗುಮಾಸ್ತರು ಪಾಪ, ತಮ್ಮದಲ್ಲದ ಇಲಾಖೆಗಳಿಗೂ ಫೋನ್ ಮಾಡಿ ವಿಚಾರಿಸಿದರು. ಕಡತ ಒಬ್ಬ ಅಧಿಕಾರಿಯ ಮೇಜಿನ ಮೇಲಿದೆ, ಅವರು ರಜೆಯಲ್ಲಿದ್ದಾರೆ ಎಂದು ತಿಳಿಯಿತು. ಎರಡು ಮನೆ ಒಪ್ಪಿ, ಅಂಕಿತ ಬಿದ್ದು, ಒಂದು ರಜೆಯ ಚೀಟಿಗೆ ಎಲ್ಲ ನಿಂತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅಕ್ಕ ದಿನಕ್ಕೆ ಹತ್ತು ಸಲ ಹೇಳಿಕೊಂಡಳು.

ಹುಟ್ಟುಹಬ್ಬ ಒಂದು ಬುಧವಾರ ಬಂತು. ಅಕ್ಕ ಹುಡುಗಿಗೆ ಇಷ್ಟವಾದ ಅಡುಗೆ ಮಾಡಿದ್ದಳು, ನಾನು ಹಸಿರು ಬಟ್ಟೆಯಲ್ಲಿ ಒಂದು ಉಡುಪು ಹೊಲಿದಿದ್ದೆ. ಎಲ್ಲರೂ ಉಂಡೆವು, ಎಲ್ಲರೂ ಜಾಸ್ತಿಯೇ ಮಾತಾಡಿದೆವು. ಊಟವಾದ ಮೇಲೆ ಭಾವ ಆ ಅರ್ಜಿಯನ್ನು ಎರಡಾಗಿ ಮಡಿಸಿ ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟರು. ಖಾನೆ ಮುಚ್ಚಿದ ಮೇಲೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂತೇ ಇದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಪ್ಪತ್ತೆರಡು ದಿನದ ಮೇಲೆ ಅಧಿಸೂಚನೆ ಬಂತು. ಭಾವ ಲಕೋಟೆಯಿಂದ ಅದೇ ಚೀಟಿಯನ್ನು ತೆಗೆದು, ಹೊಸ ಅಂಟು ಸವರಿ, ಅದೇ ಜಾಗದಲ್ಲಿ ಅಂಟಿಸಿದರು. ಕತ್ತರಿ ಮೇಡಂ ತಮ್ಮ ಕೇಸಿನ ಹುಡುಗನ ಅರ್ಜಿಯನ್ನು ಮತ್ತೆ ಹಾಕಿದರು, ಅದು ಆಯಿತು. ಭಾವ ಅದನ್ನು ಮನೆಯಲ್ಲಿ ಸಂತೋಷವಾಗಿಯೇ ಹೇಳಿದರು. ಹೇಳಿ ಊಟ ಸಾಕು ಎಂದು ಎದ್ದರು. ಆ ದಿನಗಳಲ್ಲಿ ಅವರು ತೀರಾ ಇಳಿದು ಹೋದರು.

ಅವರಿಗೆ ಗೊತ್ತಿಲ್ಲದ್ದು ಇಷ್ಟು. ಹುಟ್ಟುಹಬ್ಬದ ಮಾರನೆಯ ಬೆಳಗ್ಗೆಯೇ ಹುಡುಗಿ ಹಸಿರು ಉಡುಪು ತೊಟ್ಟು ನನ್ನ ಅಂಗಡಿಗೆ ಬಂದಿದ್ದಳು. ಕೈಯಲ್ಲಿ ಒಂದು ನಮೂನೆ. ಹದಿನೆಂಟು ತುಂಬಿದ ಯಾರು ಬೇಕಾದರೂ ಪ್ರಮಾಣಪತ್ರ ಬರೆದುಕೊಟ್ಟು ತಮ್ಮ ಹೆಸರನ್ನು ಬದಲಾಯಿಸಿಕೊಳ್ಳಬಹುದು. ಇಬ್ಬರು ಸಾಕ್ಷಿ ಬೇಕು, ಆಮೇಲೆ ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ. ಅವಳು ತನ್ನ ಹೆಸರನ್ನು ಹಾಗೇ ಉಳಿಸಿಕೊಂಡು ಅದರ ಮುಂದೆ ಅಕ್ಕ ಭಾವನ ಮನೆಹೆಸರನ್ನು ಬರೆದಿದ್ದಳು.

"ಅವ್ರು ನನಗೆ ಕೊಡೋಕೆ ಪಾರ್ಲಿಮೆಂಟ್ ಬೇಕಿತ್ತು ಚಿಕ್ಕಮ್ಮ. ನಾನು ತಗೊಳ್ಳೋಕೆ ಇಬ್ರು ಸಾಕ್ಷಿ ಸಾಕು" ಎಂದಳು.

ಒಂದು ಸಹಿ ನನ್ನದು. ಇನ್ನೊಂದಕ್ಕೆ ಅವಳು ಹೋದದ್ದು ಯಾರಲ್ಲಿಗೆ ಗೊತ್ತೇ? ಕತ್ತರಿ ಮೇಡಂ ಕಚೇರಿಗೆ ಹೋಗಿ, ನೀವು ಕೋರ್ಟಿನಲ್ಲಿ ತಲೆ ತಗ್ಗಿಸಿದ್ದು ನನ್ನಿಂದ ಎಂದು ಹೇಳಿದಳಂತೆ. ಮೇಡಂ ಎಲ್ಲ ಕೇಳಿಸಿಕೊಂಡು, ಮೊದಲೇ ಗೊತ್ತಿದ್ದರೆ ಇನ್ನೂ ಜೋರಾಗಿ ವಾದಿಸುತ್ತಿದ್ದೆ ಎಂದು ಸಹಿ ಹಾಕಿದರಂತೆ. ಮನೆಯಲ್ಲಿ ಬಾಯಿ ಬಿಡಬಾರದು, ಅಚ್ಚಾಗಿ ಬರಲಿ ಎಂದು ಹುಡುಗಿ ನನ್ನಿಂದ ಮಾತು ತೆಗೆದುಕೊಂಡಳು. ಭಾವನನ್ನು ಆ ಸ್ಥಿತಿಯಲ್ಲಿ ನೋಡುತ್ತ ನಾನು ಹೇಗೆ ತುಟಿ ಹೊಲಿದುಕೊಂಡಿದ್ದೆನೋ ನನಗೇ ಗೊತ್ತು. ಆದರೆ ಅಚ್ಚಾಗುವ ಮುಂಚೆ ಹೇಳಿದರೆ ಭಾವ ನಂಬುವ ಪೈಕಿಯೂ ಅಲ್ಲ.

ಅದು ಅಚ್ಚಾದ ಗುರುವಾರ ನಾನು ಅಂಟಿನ ಡಬ್ಬಿ ಕೊಡುವ ನೆಪ ಮಾಡಿಕೊಂಡು ಗ್ರಂಥಾಲಯಕ್ಕೆ ಹೋದೆ. ಉದ್ದನೆಯ ಮೇಜುಗಳ ಕೊನೆಯಲ್ಲಿ ಕತ್ತರಿ ಮೇಡಂ ಆಗಲೇ ಬಂದು ಕೂತಿದ್ದರು, ಯಾವುದೋ ಪುಸ್ತಕ ಓದುವ ನಟನೆ ಮಾಡುತ್ತಿದ್ದರು. ಭಾವ ಗೆಜೆಟ್ಟಿನ ಕಾನೂನು ಭಾಗ ಮುಗಿಸಿ ಮುಚ್ಚಿದರು. ಹೆಸರು ಬದಲಾವಣೆಯ ಪುಟಗಳು ಕೊನೆಗಿರುತ್ತವೆ, ಅವನ್ನು ಅವರು ಓದುವುದಿಲ್ಲ.

"ಕೊನೇ ಭಾಗಾನೂ ಸ್ವಲ್ಪ ನೋಡಿ" ಎಂದರು ಮೇಡಂ, ಪುಸ್ತಕದಿಂದ ತಲೆ ಎತ್ತದೆ.

ಬೈಸಿಕೊಂಡವರ ವಿನಯದಿಂದ ಭಾವ ಮತ್ತೆ ತೆರೆದರು, ಅಡಿಪಟ್ಟಿ ಇಟ್ಟರು. ಒಂದು ಪುಟ ಇಳಿಯಿತು, ಇನ್ನೊಂದು ಪುಟದ ಅರ್ಧ ಇಳಿಯಿತು. ಅಲ್ಲಿ ಅಡಿಪಟ್ಟಿ ನಿಂತಿತು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಮೊದಲಿನಿಂದ ಓದಿದರು. ನನ್ನ ಕಡೆ ನೋಡಿದರು. ಸಾಕ್ಷಿಗಳ ಹೆಸರು ಅದರಲ್ಲಿ ಇರುವುದಿಲ್ಲ, ಆದರೂ ನನ್ನ ಮುಖವೇ ಎಲ್ಲ ಹೇಳಿರಬೇಕು. ಫೋನನ್ನು ಹತ್ತಿರ ಎಳೆದುಕೊಂಡು ಮನೆಗೆ ಮಾಡಿದರು. ವಕೀಲರಿಗೆ ಓದಿ ಹೇಳುವ ಅದೇ ರೀತಿಯಲ್ಲಿ ಭಾಗದ ಸಂಖ್ಯೆ, ಪುಟದ ಸಂಖ್ಯೆ, ಕ್ರಮಸಂಖ್ಯೆ ಎಲ್ಲ ಹೇಳಿ, ಹಳೆಯ ಹೆಸರು ಓದಿದರು, ಹೊಸ ಹೆಸರು ಓದಿದರು. ಮನೆಹೆಸರಿನ ಹತ್ತಿರ ನಿಂತರು. ಒಂದು ಗುಟುಕು ನೀರು ಕುಡಿದು ಅದನ್ನೂ ಓದಿದರು.

ಮೂವತ್ತು ವರ್ಷ ಭಾವನ ಜೊತೆ ಬಾಳಿದ ಅಕ್ಕ, ಇಷ್ಟು ಸಲ ಕುಣಿದು ಕೂತವಳು, ಸುಮ್ಮನೆ ನಂಬುತ್ತಾಳೆಯೇ?

"ಇದು ಯಾವತ್ತಿಂದ ಜಾರಿ ಅಂತೆ?" ಎಂದು ಕೇಳಿದಳು. ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು.

ಭಾವ ಅಡಿಪಟ್ಟಿಯನ್ನು ಒಂದು ಸಾಲು ಕೆಳಗೆ ಸರಿಸಿದರು.

"ಪ್ರಮಾಣಪತ್ರದ ದಿನದಿಂದ. ಅಂದ್ರೆ ಹುಟ್ಟುಹಬ್ಬದ ಮಾರನೇ ದಿನದಿಂದ" ಎಂದರು. ಬೆರಳು ಮಡಿಸುತ್ತ ಎಣಿಸಿದರು. "ನಲವತ್ತಮೂರು ದಿನ ಆಯ್ತು ಕಣೇ. ಇಷ್ಟು ದಿನ ಅವಳು ನಮ್ಮನೆಯವಳೇ ಆಗಿದ್ಲು, ನಾವು ಸುಮ್ನೆ ಅಳ್ತಾ ಕೂತಿದ್ವಿ."